ಒಂದು ಬಲ್ಬು ಹಿಡಿದು ಮನೆಯ ಕರೆಂಟನ್ನು ಅರ್ಥ ಮಾಡಿಕೊಳ್ಳುವುದು ಹೇಗೆ?

ಬಲ್ಬಿನ ಡಬ್ಬಿಯ ಮೇಲೆ ಒಂದಿಷ್ಟು ಅಂಕಿಗಳಿರುತ್ತವೆ. 230 ವೋಲ್ಟ್, 50 ಹರ್ಟ್ಸ್, 9 ವ್ಯಾಟ್, 900 ಲ್ಯೂಮೆನ್, 6500 ಕೆಲ್ವಿನ್. ಅಂಗಡಿಯಲ್ಲಿ ನಾವು ಎಷ್ಟು ವ್ಯಾಟ್ ಅಂತ ಕೇಳುತ್ತೇವೆ, ರೇಟು ಕೇಳುತ್ತೇವೆ, ತಂದು ಹಾಕುತ್ತೇವೆ. ಮಿಕ್ಕ ಅಂಕಿಗಳನ್ನು ಯಾರೂ ನೋಡುವುದಿಲ್ಲ.

ಶಾಲೆಯಲ್ಲಿ ಓಮ್ ನಿಯಮವನ್ನು ಬಾಯಿಪಾಠ ಮಾಡಿದವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಆದರೆ ಗೀಸರಿಗೆ ದಪ್ಪ ವೈರು ಯಾಕೆ ಬೇಕು ಅಂತ ಕೇಳಿದರೆ ಹೆಚ್ಚಿನವರು ಸುಮ್ಮನಾಗುತ್ತಾರೆ. ಅವರ ತಪ್ಪಲ್ಲ. ಸೂತ್ರ ಹೇಳಿಕೊಟ್ಟರು, ಆ ಸೂತ್ರ ಯಾರ ಯಾವ ಕಷ್ಟವನ್ನು ಬಗೆಹರಿಸಿತು ಅಂತ ಹೇಳಿಕೊಡಲಿಲ್ಲ. ಬಲ್ಬಿನ ಚರಿತ್ರೆಯನ್ನು ಜೊತೆಗಿಟ್ಟುಕೊಂಡು ಕಲಿತರೆ ಇದೇ ವಿಷಯ ಎಷ್ಟೋ ಸುಲಭ. ಹಾಗೆ ಕಲಿಯುವ ದಾರಿಯನ್ನು ಹಂತ ಹಂತವಾಗಿ ಇಲ್ಲಿ ಕೊಟ್ಟಿದ್ದೇನೆ. ಹೈಸ್ಕೂಲ್ ಮಕ್ಕಳಿರುವ ಮನೆಯಲ್ಲಿ ಎಲ್ಲರೂ ಸೇರಿ ಮಾಡಬಹುದು.

ಬೇಕಾಗುವ ಸಾಮಾನು ಇಷ್ಟೇ: ಎರಡು ಪೆನ್ಸಿಲ್ ಸೆಲ್, ಎರಡು ಸೆಲ್ಲಿನ ಟಾರ್ಚಿಗೆ ಹಾಕುವ ಹಳೇ ಕಾಲದ ಸಣ್ಣ ಬಲ್ಬು, ಎರಡು ತುಂಡು ವೈರು, 9 ವೋಲ್ಟಿನ ಒಂದು ಬ್ಯಾಟರಿ, ಒಂದು ಕೆಂಪು ಎಲ್‌ಇಡಿ, 470 ಓಮಿನ ಒಂದು ರೆಸಿಸ್ಟರ್. ಎಲ್‌ಇಡಿ, ರೆಸಿಸ್ಟರ್ ಎರಡೂ ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ಅಂಗಡಿಯಲ್ಲಿ ಕೆಲವೇ ರೂಪಾಯಿಗೆ ಸಿಗುತ್ತವೆ. ಬೆಂಗಳೂರಿನವರಾದರೆ ಎಸ್.ಪಿ. ರೋಡಿಗೆ ಹೋಗಿ ಬನ್ನಿ. ತಂತಿ ಇರುವ ಹಳೆಯ 60 ವ್ಯಾಟಿನ ಬಲ್ಬು ಒಂದು ಅಟ್ಟದ ಮೇಲೆ ಸಿಕ್ಕರೆ ಇನ್ನೂ ಒಳ್ಳೆಯದು. ಮಲ್ಟಿಮೀಟರ್ ಇದ್ದರೆ ಇಟ್ಟುಕೊಳ್ಳಿ. ಕಳೆದ ತಿಂಗಳ ಕರೆಂಟ್ ಬಿಲ್ಲೂ ಬೇಕು.

ಒಂದು ಮಾತನ್ನು ಈಗಲೇ ಹೇಳಿಬಿಡುತ್ತೇನೆ. ಪ್ರಯೋಗ ಏನಿದ್ದರೂ ಬ್ಯಾಟರಿಯಲ್ಲಿ ಮಾತ್ರ. ಗೋಡೆಯ ಸಾಕೆಟ್ಟಿಗೆ ಕೈ ಹಾಕಬೇಡಿ, ಮಕ್ಕಳಿಗೂ ಬಿಡಬೇಡಿ.

ಹಂತ 1: ಟಾರ್ಚ್ ಬಲ್ಬನ್ನು ಹೊತ್ತಿಸಿ

ಎರಡು ಸೆಲ್‌ಗಳನ್ನು ಒಂದರ ಹಿಂದೆ ಒಂದು ಜೋಡಿಸಿ. ಒಂದು ವೈರನ್ನು ಒಂದು ತುದಿಗೆ, ಇನ್ನೊಂದನ್ನು ಇನ್ನೊಂದು ತುದಿಗೆ ಹಿಡಿಯಿರಿ. ಒಂದು ವೈರು ಬಲ್ಬಿನ ಕೆಳಗಿನ ಚುಕ್ಕೆಗೆ, ಇನ್ನೊಂದು ಅದರ ಪಕ್ಕದ ಲೋಹಕ್ಕೆ ತಾಗಬೇಕು. ಬಲ್ಬು ಹೊತ್ತಿಕೊಳ್ಳುತ್ತದೆ. ಈಗ ಒಂದು ವೈರನ್ನು ಎಲ್ಲಾದರೂ ಬಿಡಿಸಿ. ಆರಿಹೋಗುತ್ತದೆ.

ಸರ್ಕ್ಯೂಟ್ ಅಂದರೆ ಇದೇ. ಕರೆಂಟು ಒಂದು ದಾರಿಯಲ್ಲಿ ಹೋಗಿ ಇನ್ನೊಂದು ದಾರಿಯಲ್ಲಿ ವಾಪಸ್ ಬರಬೇಕು. ಸುತ್ತು ಪೂರ್ತಿಯಾಗದಿದ್ದರೆ ಏನೂ ಆಗುವುದಿಲ್ಲ. ಸ್ವಿಚ್ಚು ಮಾಡುವುದೂ ಇಷ್ಟೇ, ಸುತ್ತನ್ನು ಮುರಿಯುತ್ತದೆ, ಕೂಡಿಸುತ್ತದೆ.

ನಿಮ್ಮ ಕೈಯಲ್ಲಿರುವ ಸೆಲ್ಲಿನ ಪೂರ್ವಜವನ್ನು ಇಟಲಿಯ ಅಲೆಸಾಂಡ್ರೊ ವೋಲ್ಟಾ 1800ರಲ್ಲಿ ಲೋಕಕ್ಕೆ ತೋರಿಸಿದರು. ಸತು ಮತ್ತು ತಾಮ್ರದ ಬಿಲ್ಲೆಗಳ ನಡುವೆ ಉಪ್ಪುನೀರಿನಲ್ಲಿ ನೆನೆಸಿದ ಬಟ್ಟೆ ಇಟ್ಟು ಪೇರಿಸಿದ ಕಂಬ ಅದು. ಅದಕ್ಕೂ ಮುಂಚೆ ಜನಕ್ಕೆ ಗೊತ್ತಿದ್ದದ್ದು ಕ್ಷಣಕ್ಕೆ ಬಂದು ಹೋಗುವ ಕಿಡಿ ಮಾತ್ರ. ನಿಲ್ಲದೆ ಹರಿಯುವ ಕರೆಂಟು ಸಿಕ್ಕಿದ್ದು ವೋಲ್ಟಾನಿಂದ.

ಸಿಕ್ಕ ಕೂಡಲೇ ಅದರಿಂದ ಬೆಳಕು ಮಾಡಲು ಹೊರಟವರು ಲಂಡನ್ನಿನ ಹಂಫ್ರಿ ಡೇವಿ. ಪ್ಲಾಟಿನಮ್ ಪಟ್ಟಿಯಲ್ಲಿ ಕರೆಂಟು ಹರಿಸಿ ಕೆಂಪಗೆ ಕಾಯಿಸಿದರು. ಆಮೇಲೆ ಸಾವಿರಾರು ಸೆಲ್‌ಗಳ ದೊಡ್ಡ ಬ್ಯಾಟರಿ ಕಟ್ಟಿಸಿ, ಎರಡು ಇದ್ದಿಲು ಕಡ್ಡಿಗಳ ನಡುವೆ ಕಣ್ಣು ಕೋರೈಸುವ ಬೆಳಕಿನ ಕಮಾನು ತೋರಿಸಿದರು. ಅದೇ ಆರ್ಕ್ ದೀಪ. 1878ರಲ್ಲಿ ಪ್ಯಾರಿಸ್ಸಿನ ದೊಡ್ಡ ಬೀದಿಯೊಂದರಲ್ಲಿ ರಷ್ಯಾದ ಯಾಬ್ಲೊಚ್ಕೋವ್ ಮಾಡಿದ ಆರ್ಕ್ ದೀಪಗಳು ಉರಿದವು. ಬೀದಿಗೆ ಸರಿ, ಲೈಟ್‌ಹೌಸಿಗೆ ಸರಿ. ಮನೆಯ ಕೋಣೆಗೆ ಆ ಬೆಳಕು ವಿಪರೀತ ಜಾಸ್ತಿ. ಕಡ್ಡಿಗಳು ಉರಿದು ಸವೆಯುತ್ತಿದ್ದವು, ಸುಯ್ ಅಂತ ಸದ್ದು, ವಾಸನೆ ಬೇರೆ.

ಹಂತ 2: ಮೂರು ಅಳತೆಗಳನ್ನು ಬೇರೆ ಬೇರೆಯಾಗಿ ನೋಡಿ

ಮಹಡಿಯ ಮೇಲಿನ ನೀರಿನ ಟ್ಯಾಂಕನ್ನು ನೆನಪಿಸಿಕೊಳ್ಳಿ. ಟ್ಯಾಂಕು ಎತ್ತರದಲ್ಲಿದ್ದಷ್ಟೂ ನಲ್ಲಿಯಲ್ಲಿ ಒತ್ತಡ ಜಾಸ್ತಿ. ಆ ಒತ್ತಡದಂತೆ ಇರುವುದು ವೋಲ್ಟ್. ಪೈಪಿನಲ್ಲಿ ಎಷ್ಟು ನೀರು ಹರಿಯುತ್ತಿದೆ ಅನ್ನುವುದು ಆಂಪಿಯರ್. ಪೈಪು ಸಣ್ಣದಾಗಿದ್ದರೆ ಹರಿವಿಗೆ ಅಡ್ಡಿ, ಆ ಅಡ್ಡಿ ಓಮ್.

ಈ ಮೂರಕ್ಕೂ ಇರುವ ಸಂಬಂಧವನ್ನು ಜರ್ಮನಿಯ ಶಾಲಾ ಮೇಷ್ಟ್ರು ಗಿಯೋರ್ಗ್ ಓಮ್ 1827ರಲ್ಲಿ ಪ್ರಕಟಿಸಿದರು:

ವೋಲ್ಟ್ = ಆಂಪಿಯರ್ × ಓಮ್

ಕೈಯಾರೆ ಪರೀಕ್ಷಿಸಿ. 9 ವೋಲ್ಟಿನ ಬ್ಯಾಟರಿ, 470 ಓಮಿನ ರೆಸಿಸ್ಟರ್, ಎಲ್‌ಇಡಿ ಮೂರನ್ನೂ ಒಂದೇ ಸುತ್ತಿನಲ್ಲಿ ಜೋಡಿಸಿ. ಎಲ್‌ಇಡಿಯ ಉದ್ದ ಕಾಲು ಪ್ಲಸ್ ಕಡೆಗಿರಲಿ. ತಿರುಗಿಸಿ ಹಾಕಿದರೆ ಹೊತ್ತುವುದಿಲ್ಲ. ಕೆಂಪು ಎಲ್‌ಇಡಿ ಸುಮಾರು 2 ವೋಲ್ಟ್ ತೆಗೆದುಕೊಳ್ಳುತ್ತದೆ. ಮಿಕ್ಕ 7 ವೋಲ್ಟ್ ರೆಸಿಸ್ಟರಿನ ಪಾಲು. 7ನ್ನು 470ರಿಂದ ಭಾಗಿಸಿ. 0.015 ಆಂಪಿಯರ್, ಅಂದರೆ 15 ಮಿಲಿಆಂಪಿಯರ್. ಎಲ್‌ಇಡಿಗೆ ಅದು ಹಿತವಾದ ಕರೆಂಟು. ರೆಸಿಸ್ಟರ್ ಇಲ್ಲದೆ ನೇರ 9 ವೋಲ್ಟಿಗೆ ಕೊಟ್ಟರೆ ಪಟ್ಟನೆ ಸುಟ್ಟುಹೋಗುತ್ತದೆ. ಮಲ್ಟಿಮೀಟರ್ ಇದ್ದರೆ ಅಳೆದು ನೋಡಿ, ಲೆಕ್ಕಕ್ಕೂ ಅಳತೆಗೂ ಹೆಚ್ಚು ವ್ಯತ್ಯಾಸ ಇರುವುದಿಲ್ಲ. ಕಾಗದದ ಮೇಲೆ ಬರೆದ ಅಂಕಿ ಮೀಟರಿನಲ್ಲಿ ಕಾಣಿಸಿದಾಗ ಮಕ್ಕಳ ಮುಖ ನೋಡಬೇಕು.

ಹಂತ 3: ಎಡಿಸನ್ ಮಾಡಿದ ಲೆಕ್ಕವನ್ನು ನೀವೂ ಮಾಡಿ

"ಬಲ್ಬು ಕಂಡುಹಿಡಿದವರು ಯಾರು?" ಅಂದರೆ ಎಡಿಸನ್ ಅನ್ನುವ ಉತ್ತರ ಸಿದ್ಧವಿರುತ್ತದೆ. ಆ ಉತ್ತರ ಪೂರ್ತಿ ಸರಿಯಲ್ಲ. ಅವರಿಗಿಂತ ಮುಂಚೆ ಬಲ್ಬಿನ ಕೆಲಸ ಮಾಡಿದವರು ಹಲವರಿದ್ದರು. ಅವರಲ್ಲಿ ಇಂಗ್ಲೆಂಡಿನ ಜೋಸೆಫ್ ಸ್ವಾನ್ ಹೆಸರನ್ನು ನಮ್ಮ ಮಕ್ಕಳೂ ತಿಳಿದಿರಬೇಕು.

ತೆಳ್ಳಗಿನ ತಂತಿಯಲ್ಲಿ ಕರೆಂಟು ಹರಿಸಿದರೆ ಅದು ಕಾದು ಬೆಳಗುತ್ತದೆ ಅಂತ ಎಲ್ಲರಿಗೂ ಗೊತ್ತಿತ್ತು. ಇಂಗಾಲದ ಎಳೆ ತುಂಬಾ ಬಿಸಿ ತಾಳುತ್ತದೆ ಅಂತಲೂ ಗೊತ್ತಿತ್ತು. ತೊಂದರೆ ಏನೆಂದರೆ ಗಾಳಿ ತಾಗಿದರೆ ಇಂಗಾಲ ಉರಿದುಹೋಗುತ್ತದೆ. ಗಾಜಿನ ಬುರುಡೆಯೊಳಗಿನ ಗಾಳಿಯನ್ನು ಚೆನ್ನಾಗಿ ಹೊರತೆಗೆಯುವ ಪಂಪು 1860ರ ದಶಕದವರೆಗೆ ಇರಲಿಲ್ಲ. ಹರ್ಮನ್ ಸ್ಪ್ರೆಂಗೆಲ್ ಪಾದರಸದ ಪಂಪು ಮಾಡಿದ ಮೇಲೆ ದಾರಿ ತೆರೆಯಿತು. 1879ರ ಶುರುವಿನಲ್ಲೇ ಸ್ವಾನ್ ನ್ಯೂಕ್ಯಾಸಲ್ಲಿನಲ್ಲಿ ತಮ್ಮ ಬಲ್ಬನ್ನು ಜನರ ಮುಂದೆ ತೋರಿಸಿದರು. ಎಡಿಸನ್ನರ ಹತ್ತಿನೂಲಿನ ಇಂಗಾಲದ ಎಳೆ ಗಂಟೆಗಟ್ಟಲೆ ಉರಿದದ್ದು ಅದೇ ವರ್ಷ ಅಕ್ಟೋಬರಿನಲ್ಲಿ. ಡಿಸೆಂಬರ್ 31ರ ರಾತ್ರಿ ಅಮೆರಿಕದ ಮೆನ್ಲೋ ಪಾರ್ಕಿನಲ್ಲಿ ಅದನ್ನು ನೋಡಲು ಜನ ಸೇರಿದರು. ಮುಂದೆ ಜಪಾನಿನ ಬಿದಿರಿನ ಎಳೆಯಿಂದ ಮಾಡಿದ ಬಲ್ಬುಗಳು ಸಾವಿರ ಗಂಟೆ ದಾಟಿದವು. ಕೊನೆಗೆ ಇಂಗ್ಲೆಂಡಿನಲ್ಲಿ ಎಡಿಸನ್, ಸ್ವಾನ್ ಇಬ್ಬರೂ 1883ರಲ್ಲಿ ಒಂದೇ ಕಂಪನಿಯಾಗಿ ಸೇರಿಕೊಂಡರು.

ಹಾಗಾದರೆ ಎಡಿಸನ್ನರ ದೊಡ್ಡತನ ಯಾವುದರಲ್ಲಿ? ನನ್ನ ಪ್ರಕಾರ ಅದು ಬಲ್ಬಿಗಿಂತ ಹೆಚ್ಚಾಗಿ ಒಂದು ಲೆಕ್ಕದಲ್ಲಿದೆ. ಪೆನ್ನು ತೆಗೆದುಕೊಳ್ಳಿ.

ವ್ಯಾಟ್ ಅಂದರೆ ವೋಲ್ಟ್ × ಆಂಪಿಯರ್. 100 ವ್ಯಾಟಿನ ಒಂದು ದೀಪ ಬೇಕು ಅಂದುಕೊಳ್ಳಿ. ಇದನ್ನು ಎರಡು ರೀತಿ ಮಾಡಬಹುದು. ದಪ್ಪ ಎಳೆ, 1 ಓಮ್ ಅಡ್ಡಿ, 10 ವೋಲ್ಟ್ ಕೊಟ್ಟರೆ 10 ಆಂಪಿಯರ್ ಹರಿಯುತ್ತದೆ. 10 × 10 = 100 ವ್ಯಾಟ್. ಇನ್ನೊಂದು, ಕೂದಲಿನಷ್ಟು ತೆಳ್ಳಗಿನ ಎಳೆ, 100 ಓಮ್ ಅಡ್ಡಿ, 100 ವೋಲ್ಟ್ ಕೊಟ್ಟರೆ 1 ಆಂಪಿಯರ್ ಮಾತ್ರ. 100 × 1, ಅದೂ 100 ವ್ಯಾಟ್.

ಎರಡರ ಬೆಳಕೂ ಒಂದೇ. ಆದರೆ ದೀಪಕ್ಕೆ ಕರೆಂಟು ತರುವ ವೈರು ಒಂದೇ ಅಲ್ಲ. ವೈರಿನಲ್ಲಿ ಬಿಸಿಯಾಗಿ ಪೋಲಾಗುವ ಶಕ್ತಿ ಆಂಪಿಯರಿನ ವರ್ಗದಷ್ಟು ಏರುತ್ತದೆ. ಕರೆಂಟು ಹತ್ತು ಪಟ್ಟಾದರೆ ಪೋಲು ನೂರು ಪಟ್ಟು. ಆ ಪೋಲನ್ನು ತಡೆಯಬೇಕಾದರೆ ನೂರು ಪಟ್ಟು ತಾಮ್ರ ಹಾಕಬೇಕು. ಊರಿಗೆಲ್ಲಾ ಹಾಗೆ ತಾಮ್ರ ಹಾಕಲು ಯಾರಿಂದಲೂ ಆಗುತ್ತಿರಲಿಲ್ಲ.

ಉಳಿದವರು ಕಡಿಮೆ ಓಮಿನ ದಪ್ಪ ಎಳೆಗಳ ಹಿಂದೆ ಬಿದ್ದಿದ್ದಾಗ ಎಡಿಸನ್ ಹೆಚ್ಚು ಓಮಿನ ತೆಳ್ಳನೆ ಎಳೆಯೇ ಬೇಕು ಅಂತ ಹಟ ಹಿಡಿದದ್ದು ಇದಕ್ಕೆ. ತಾಮ್ರದ ಖರ್ಚಿನಿಂದ ಹಿಂದಕ್ಕೆ ಲೆಕ್ಕ ಹಾಕುತ್ತಾ ಬಂದು, ಬಲ್ಬು ಹೇಗಿರಬೇಕು ಅಂತ ತೀರ್ಮಾನ ಮಾಡಿದರು. 1882ರ ಸೆಪ್ಟೆಂಬರ್ 4ರಂದು ನ್ಯೂಯಾರ್ಕಿನ ಪರ್ಲ್ ಸ್ಟ್ರೀಟಿನ ಅವರ ಕೇಂದ್ರದಿಂದ 110 ವೋಲ್ಟಿನ ಕರೆಂಟು ಸುತ್ತಮುತ್ತಲ ಕಟ್ಟಡಗಳಿಗೆ ಹರಿಯಿತು.

ಈಗ ನಿಮ್ಮ ಗೀಸರಿಗೆ ಬನ್ನಿ. 2,000 ವ್ಯಾಟ್, 230 ವೋಲ್ಟ್. ಭಾಗಿಸಿದರೆ 8.7 ಆಂಪಿಯರ್. 60 ವ್ಯಾಟಿನ ಹಳೇ ಬಲ್ಬಿಗೆ 0.26 ಆಂಪಿಯರ್ ಸಾಕು. ಲೈಟಿಗೆ ಒಂದೂವರೆ ಸ್ಕ್ವೇರ್ (ಅಂದರೆ ಚದರ ಮಿಲಿಮೀಟರ್) ವೈರು, ಗೀಸರಿಗೆ ಎರಡೂವರೆ ಅಥವಾ ನಾಲ್ಕು ಸ್ಕ್ವೇರ್ ವೈರು ಮತ್ತು 16 ಆಂಪಿಯರಿನ ದೊಡ್ಡ ಸಾಕೆಟ್ ಅಂತ ಎಲೆಕ್ಟ್ರಿಷಿಯನ್ ಹೇಳುವುದು ಇದೇ ಕಾರಣಕ್ಕೆ. ದುಡ್ಡು ಉಳಿಸಲು ಹೋಗಿ ಸಣ್ಣ ವೈರು ಹಾಕಿಸಬೇಡಿ. ಗೋಡೆಯೊಳಗೆ ಕಾಯುವ ವೈರು ಕಣ್ಣಿಗೆ ಕಾಣುವುದಿಲ್ಲ.

ಹಳೇ 60 ವ್ಯಾಟ್ ಬಲ್ಬು ಸಿಕ್ಕಿದ್ದರೆ ಒಂದು ಸೋಜಿಗ ತೋರಿಸುತ್ತೇನೆ. ಲೆಕ್ಕದ ಪ್ರಕಾರ ಅದರ ಅಡ್ಡಿ ಸುಮಾರು 880 ಓಮ್. ಅದನ್ನು ಹೋಲ್ಡರಿನಿಂದ ಬಿಡಿಸಿ ಕೈಯಲ್ಲಿ ಹಿಡಿದು ಮಲ್ಟಿಮೀಟರಿನಲ್ಲಿ ಅಳೆಯಿರಿ. ಅದರ ಹತ್ತರಲ್ಲೊಂದು ಪಾಲೂ ಬರುವುದಿಲ್ಲ. ಮೀಟರು ಕೆಟ್ಟಿಲ್ಲ. ಟಂಗ್‌ಸ್ಟನ್ ತಂತಿ ತಣ್ಣಗಿದ್ದಾಗ ಅಡ್ಡಿ ಕಡಿಮೆ, ಬೆಳ್ಳಗೆ ಕಾದಾಗ ಜಾಸ್ತಿ. ಸ್ವಿಚ್ ಹಾಕಿದ ಮೊದಲ ಕ್ಷಣದಲ್ಲಿ ಹತ್ತು ಪಟ್ಟಿಗೂ ಹೆಚ್ಚು ಕರೆಂಟು ನುಗ್ಗುತ್ತದೆ. ಹಳೇ ಬಲ್ಬುಗಳು ಸ್ವಿಚ್ ಹಾಕಿದಾಗಲೇ 'ಟಪ್' ಅಂತ ಹೋಗುತ್ತಿದ್ದದ್ದು ಅದಕ್ಕೇ.

ಹಂತ 4: ಸೀರಿಯಲ್ ಸೆಟ್ಟನ್ನೂ ಮನೆಯ ಲೈಟನ್ನೂ ಹೋಲಿಸಿ

ಗಣೇಶನ ಹಬ್ಬಕ್ಕೆ ಹಾಕುವ ಹಳೇ ಸೀರಿಯಲ್ ಸೆಟ್ಟಿನಲ್ಲಿ ಒಂದು ಬಲ್ಬು ಹೋದರೆ ಸಾಲೇ ಆರಿಹೋಗುತ್ತಿತ್ತು. ಎಲ್ಲ ಬಲ್ಬುಗಳೂ ಒಂದೇ ದಾರಿಯಲ್ಲಿ, ಒಂದರ ಹಿಂದೆ ಒಂದು ಇದ್ದವು. 6 ವೋಲ್ಟಿನ 38 ಬಲ್ಬುಗಳನ್ನು ಹಾಗೆ ಪೋಣಿಸಿದರೆ 228 ವೋಲ್ಟ್ ಆಯಿತು, ನೇರ ಪ್ಲಗ್ಗಿಗೆ ಹಾಕಬಹುದು. ಹಳೆಯ ಆರ್ಕ್ ದೀಪಗಳನ್ನೂ ಹೀಗೇ ಸರಣಿಯಲ್ಲಿ ಜೋಡಿಸುತ್ತಿದ್ದರು. ಉರಿದರೆ ಎಲ್ಲವೂ ಉರಿಯಬೇಕು.

ಮನೆಯಲ್ಲಿ ಹಾಗಲ್ಲ. ಅಡುಗೆಮನೆಯ ಲೈಟು ಆರಿಸಿದರೆ ಹಾಲಿನ ಲೈಟು ಆರುವುದಿಲ್ಲ. ಪ್ರತಿ ಬಲ್ಬಿಗೂ ಫೇಸ್ (ಕರೆಂಟು ಬರುವ ತಂತಿ) ಮತ್ತು ನ್ಯೂಟ್ರಲ್ (ವಾಪಸ್ ಹೋಗುವ ತಂತಿ) ನಡುವೆ ಅದರದೇ ದಾರಿ ಇದೆ. ಇದು ಸಮಾಂತರ ಜೋಡಣೆ. ಪ್ರತಿಯೊಂದಕ್ಕೂ ಪೂರ್ತಿ 230 ವೋಲ್ಟ್ ಸಿಗುತ್ತದೆ, ಕರೆಂಟುಗಳು ಮೇನಿನಲ್ಲಿ ಬಂದು ಕೂಡುತ್ತವೆ. ಒಂದೇ ಎಕ್ಸ್‌ಟೆನ್ಷನ್ ಬಾಕ್ಸಿಗೆ ಇಸ್ತ್ರಿ ಪೆಟ್ಟಿಗೆ, ಇಂಡಕ್ಷನ್ ಒಲೆ, ಹೀಟರ್ ಮೂರನ್ನೂ ಹಾಕಬಾರದು ಅನ್ನುವುದು ಈ ಕೂಡಿಕೆಯಿಂದ.

ಹಂತ 5: ಕರೆಂಟು ದೂರದಿಂದ ಬರುವುದು ಹೇಗೆ ನೋಡಿ

ಎಡಿಸನ್ನರ 110 ವೋಲ್ಟಿನ, ಒಂದೇ ದಿಕ್ಕಿಗೆ ಹರಿಯುವ ಡಿಸಿ ಕರೆಂಟು ಸುಮಾರು ಒಂದು ಮೈಲಿಗಿಂತ ಆಚೆ ಹೋಗುವಷ್ಟರಲ್ಲಿ ಸೋತುಹೋಗುತ್ತಿತ್ತು. ದೂರ ಕಳಿಸಲು ವೋಲ್ಟೇಜ್ ಏರಿಸಬೇಕು. ಆದರೆ ಮನೆಯೊಳಗೆ ಸಾವಿರಾರು ವೋಲ್ಟ್ ಬಿಡಲಾಗುವುದಿಲ್ಲ, ಅಲ್ವಾ? ಏರಿಸಿ ಕಳಿಸಿ, ಇಳಿಸಿ ಕೊಡುವ ಸಾಧನ ಟ್ರಾನ್ಸ್‌ಫಾರ್ಮರ್. ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡುಹಿಡಿದ ತತ್ವದ ಮೇಲೆ ಅದು ನಡೆಯುತ್ತದೆ. ಕರೆಂಟು ಬದಲಾಗುತ್ತಾ ಇದ್ದರೆ ಮಾತ್ರ ಅದು ಕೆಲಸ ಮಾಡುತ್ತದೆ. ಹಿಂದೆ ಮುಂದೆ ತಿರುಗುತ್ತಲೇ ಇರುವ ಎಸಿ ಕರೆಂಟು ಗೆದ್ದದ್ದು ಈ ಗುಣದಿಂದ. ಡಬ್ಬಿಯ ಮೇಲಿನ 50 ಹರ್ಟ್ಸ್ ಅಂದರೆ ಸೆಕೆಂಡಿಗೆ 50 ಆವರ್ತ.

ಇದಕ್ಕೆ ಒಳ್ಳೆಯ ಉದಾಹರಣೆ ನಮ್ಮ ಕಾವೇರಿಯಲ್ಲೇ ಇದೆ. ಕೋಲಾರದ ಚಿನ್ನದ ಗಣಿಗಳಿಗೆ ವಿಪರೀತ ಶಕ್ತಿ ಬೇಕಿತ್ತು, ನೀರು ಬೀಳುವ ಜಾಗ ಇದ್ದದ್ದು ಶಿವನಸಮುದ್ರದಲ್ಲಿ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೆಲಸ ಶುರುವಾಯಿತು. ಅದು ಮುಗಿಯುವುದನ್ನು ನೋಡಲು ಅವರು ಉಳಿಯಲಿಲ್ಲ, 1901ರಲ್ಲಿ ತೀರಿಕೊಂಡರು. 1902ರ ಜೂನ್ ಕೊನೆಗೆ ಕರೆಂಟು ಗಣಿ ಮುಟ್ಟಿತು. ದೂರ ಸುಮಾರು 147 ಕಿಲೋಮೀಟರ್, ವೋಲ್ಟೇಜ್ ಸುಮಾರು 35,000. ಆ ಕಾಲಕ್ಕೆ ಇಡೀ ಜಗತ್ತಿನಲ್ಲೇ ಬಹಳ ಉದ್ದದ ಲೈನುಗಳಲ್ಲಿ ಅದೂ ಒಂದು.

ಲೆಕ್ಕಕ್ಕೆ 3,500 ಕಿಲೋವ್ಯಾಟ್ ಕಳಿಸಬೇಕು ಅಂದುಕೊಳ್ಳಿ. ಮೂರು ಫೇಸಿನ ಲೆಕ್ಕ ಬಿಟ್ಟು ಸರಳವಾಗಿ ನೋಡೋಣ. 35,000 ವೋಲ್ಟಿನಲ್ಲಿ ಕಳಿಸಿದರೆ 100 ಆಂಪಿಯರ್. 110 ವೋಲ್ಟಿನಲ್ಲಿ ಕಳಿಸಲು ಹೋದರೆ ಸುಮಾರು 31,800 ಆಂಪಿಯರ್. ಅಷ್ಟು ಕರೆಂಟನ್ನು ಕಾವೇರಿಯಿಂದ ಕೋಲಾರಕ್ಕೆ ಹೊರುವ ತಂತಿಯನ್ನು ಯಾರೂ ಎಳೆಯಲಾರರು. ಎಡಿಸನ್ ಬಲ್ಬಿನೊಳಗೆ ಮಾಡಿದ ಲೆಕ್ಕವನ್ನೇ ಇಲ್ಲಿ ಎಂಜಿನಿಯರುಗಳು ಬೆಟ್ಟ ಬಯಲುಗಳ ಮೇಲೆ ಮಾಡಿದರು. ಅದೇ ಶಿವನಸಮುದ್ರದ ಕರೆಂಟಿನಿಂದ 1905ರ ಆಗಸ್ಟ್ 5ರಂದು ಬೆಂಗಳೂರಿನಲ್ಲಿ ಬೀದಿದೀಪಗಳು ಹೊತ್ತಿಕೊಂಡವು.

ಹಳ್ಳಿಯಲ್ಲಿ ಲೈನಿನ ಕೊನೆಯಲ್ಲಿರುವ ಮನೆಯವರಿಗೆ ಈ ವಿಷಯ ಹೇಳಿಕೊಡಬೇಕಿಲ್ಲ. ಸುತ್ತಲ ಪಂಪ್‌ಸೆಟ್ಟುಗಳು ಶುರುವಾದರೆ ಬಲ್ಬು ಮಂಕಾಗುತ್ತದೆ. ತಂತಿಯಲ್ಲಿ ಕರೆಂಟು ಹೆಚ್ಚಾಯಿತು, ದಾರಿಯಲ್ಲೇ ವೋಲ್ಟ್ ಖರ್ಚಾಯಿತು, ಮನೆಗೆ 230ರ ಬದಲು 180 ಬಂತು.

ಹಂತ 6: ಬಿಲ್ಲನ್ನು ಕೈಗೆತ್ತಿಕೊಳ್ಳಿ

1,000 ವ್ಯಾಟಿನ ವಸ್ತು ಒಂದು ಗಂಟೆ ನಡೆದರೆ ಒಂದು ಯೂನಿಟ್. ವ್ಯಾಟನ್ನು ಗಂಟೆಯಿಂದ ಗುಣಿಸಿ, 1,000ದಿಂದ ಭಾಗಿಸಿ. ಮೈಸೂರು ಅರಮನೆಗೆ ದೀಪಾಲಂಕಾರ ಮಾಡಲು ಹತ್ತಿರಹತ್ತಿರ ಒಂದು ಲಕ್ಷ ಬಲ್ಬುಗಳಿವೆ. ಒಂದೊಂದಕ್ಕೆ 15 ವ್ಯಾಟ್ ಅಂತ ಇಟ್ಟುಕೊಂಡರೆ ಗಂಟೆಗೆ 1,500 ಯೂನಿಟ್. ಮನೆಯ ಲೆಕ್ಕವೂ ಇದೇ ರೀತಿ.

ದಿನಕ್ಕೆ 5 ಗಂಟೆ, ತಿಂಗಳಿಗೆ 30 ದಿನ. 60 ವ್ಯಾಟಿನ ಹಳೇ ಬಲ್ಬು 9 ಯೂನಿಟ್ ತಿನ್ನುತ್ತದೆ. ಅಷ್ಟೇ ಬೆಳಕು ಕೊಡುವ 9 ವ್ಯಾಟಿನ ಎಲ್‌ಇಡಿ 1.35 ಯೂನಿಟ್. 75 ವ್ಯಾಟಿನ ಹಳೇ ಫ್ಯಾನು ದಿನಕ್ಕೆ 10 ಗಂಟೆ ತಿರುಗಿದರೆ 22.5 ಯೂನಿಟ್. ಗೀಸರು ದಿನಕ್ಕೆ ಅರ್ಧ ಗಂಟೆ ಕಾದರೆ 30 ಯೂನಿಟ್. ಗೃಹ ಜ್ಯೋತಿಯ ಮಿತಿಯೊಳಗೆ ಇರಬೇಕು ಅನ್ನುವವರು ಲೈಟು ಆರಿಸುವುದಕ್ಕಿಂತ ಗೀಸರು ಮತ್ತು ಫ್ಯಾನಿನ ಕಡೆ ಮೊದಲು ನೋಡುವುದು ಒಳ್ಳೆಯದು. ನಿಮ್ಮ ಮನೆಯ ಎಲ್ಲ ವಸ್ತುಗಳ ವ್ಯಾಟನ್ನೂ ಒಂದು ಹಾಳೆಯಲ್ಲಿ ಬರೆದು ಕೂಡಿಸಿ, ಬಿಲ್ಲಿನ ಯೂನಿಟ್ಟಿಗೆ ತಾಳೆ ಹಾಕಿ.

ಹಂತ 7: ಹೊಸ ಬಲ್ಬು ಕೊಳ್ಳುವಾಗ

ಇಂಗಾಲದ ಎಳೆಯ ಜಾಗಕ್ಕೆ 20ನೇ ಶತಮಾನದ ಶುರುವಿನಲ್ಲಿ ಟಂಗ್‌ಸ್ಟನ್ ಬಂತು. 3,400 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಕರಗುವ ಲೋಹ ಅದು. ಆದರೂ ಆ ಬಲ್ಬಿಗೆ ಕೊಟ್ಟ ಶಕ್ತಿಯಲ್ಲಿ ಬೆಳಕಾಗುತ್ತಿದ್ದದ್ದು ನೂರಕ್ಕೆ ಐದು ಪಾಲಿನಷ್ಟು. ಮಿಕ್ಕಿದ್ದೆಲ್ಲಾ ಬಿಸಿ. 1938ರಲ್ಲಿ ಅಮೆರಿಕದಲ್ಲಿ ಟ್ಯೂಬ್‌ಲೈಟ್ ಮಾರಾಟಕ್ಕೆ ಬಂತು, ಚೋಕು, ಸ್ಟಾರ್ಟರು ಜೊತೆಗೂಡಿ ನಮ್ಮ ಮನೆಗಳನ್ನೂ ಸೇರಿತು. 1962ರಲ್ಲಿ ನಿಕ್ ಹೊಲೊನ್ಯಾಕ್ ಕೆಂಪು ಎಲ್‌ಇಡಿ ಮಾಡಿದರು. ನೀಲಿ ಎಲ್‌ಇಡಿಗೆ ಇನ್ನೂ ಮೂವತ್ತು ವರ್ಷ ಹಿಡಿಯಿತು. ನೀಲಿ ಇಲ್ಲದೆ ಬಿಳಿ ಬೆಳಕಿಲ್ಲ. ಇವತ್ತಿನ ಬಿಳಿ ಎಲ್‌ಇಡಿಯೊಳಗೆ ನೀಲಿ ಬೆಳಕೇ ಫಾಸ್ಫರ್ ಅನ್ನುವ ಹಳದಿ ಪುಡಿಯನ್ನು ಬೆಳಗಿಸುತ್ತದೆ. ನೀಲಿ ಎಲ್‌ಇಡಿ ಮಾಡಿದ್ದಕ್ಕೆ ಅಕಾಸಾಕಿ, ಅಮಾನೊ, ನಾಕಾಮುರಾ ಮೂವರಿಗೂ 2014ರ ಭೌತಶಾಸ್ತ್ರದ ನೊಬೆಲ್ ಬಂತು.

ಅಂಗಡಿಯಲ್ಲಿ ಮೊದಲು ಲ್ಯೂಮೆನ್ ನೋಡಿ. ಬೆಳಕಿನ ಅಳತೆ ಅದು, ವ್ಯಾಟ್ ಅಲ್ಲ. ಎರಡು ಬಲ್ಬು ಪಕ್ಕಪಕ್ಕ ಇಟ್ಟು ಲ್ಯೂಮೆನ್ನನ್ನು ವ್ಯಾಟಿನಿಂದ ಭಾಗಿಸಿ. ಹೆಚ್ಚು ಬಂದದ್ದು ಒಳ್ಳೆಯದು. 100ರ ಆಸುಪಾಸು ಇರಲಿ. ಕೆಲ್ವಿನ್ ಅನ್ನುವುದು ಬೆಳಕಿನ ಬಣ್ಣ. 3,000 ಇದ್ದರೆ ಹಳದಿ ಛಾಯೆ, 6,500 ಇದ್ದರೆ ತಣ್ಣನೆಯ ಬಿಳಿ. ಮಲಗುವ ಕೋಣೆಗೆ ಹಳದಿ ಛಾಯೆಯದೇ ಹಿತ ಅಂತ ನನ್ನ ಅಭಿಪ್ರಾಯ. ಹೋಲ್ಡರ್ ಪಿನ್ ಟೈಪೋ ಸ್ಕ್ರೂ ಟೈಪೋ ಮನೆಯಲ್ಲೇ ನೋಡಿಕೊಂಡು ಹೋಗಿ. ಪಿನ್ನಿನದು ಬ್ರಿಟಿಷರ ಬಳುವಳಿ, ಸ್ಕ್ರೂ ಎಡಿಸನ್ನರದು. ಹೊತ್ತಿಸಿದ ಬಲ್ಬಿನ ಕಡೆ ಮೊಬೈಲ್ ಕ್ಯಾಮೆರಾ ಹಿಡಿಯಿರಿ. ಪರದೆಯಲ್ಲಿ ದಪ್ಪ ಕಪ್ಪು ಪಟ್ಟಿಗಳು ಓಡಾಡಿದರೆ ಆ ಬಲ್ಬು ಮಿನುಗುತ್ತಿದೆ ಎಂದರ್ಥ. ಓದುವ ಮೇಜಿಗೆ ಅದು ಬೇಡ.

ಹಂತ 8: ಬಲ್ಬು ಬದಲಿಸುವ ಮುಂಚೆ

60 ವ್ಯಾಟಿನ ಬಲ್ಬಿನಲ್ಲಿ 0.26 ಆಂಪಿಯರ್ ಹರಿಯುತ್ತದೆ ಅಂದೆನಲ್ಲ, ಅದು 260 ಮಿಲಿಆಂಪಿಯರ್. ಅದರಲ್ಲಿ ಕಾಲು ಭಾಗ ಎದೆಯ ಮೂಲಕ ಹರಿದರೂ ಜೀವ ಹೋಗಬಹುದು. ಮೀಟರ್ ಬೋರ್ಡಿನಲ್ಲಿರುವ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್ಚು) ನಿಮ್ಮನ್ನು ಕಾಯುತ್ತದೆ ಅಂದುಕೊಳ್ಳಬೇಡಿ. 6 ಆಂಪಿಯರಿನ ಎಂಸಿಬಿ ಕೆಲಸ ಮಾಡುವುದು 6 ಆಂಪಿಯರ್ ದಾಟಿದ ಮೇಲೆ. ಅದು ವೈರನ್ನು ಕಾಯುತ್ತದೆ. ಮನುಷ್ಯರನ್ನು ಕಾಯಲು ಆರ್‌ಸಿಸಿಬಿ ಬೇಕು. ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲಿನಲ್ಲಿ ಪೂರ್ತಿ ವಾಪಸ್ ಬಂತೇ ಅಂತ ಅದು ನೋಡುತ್ತಿರುತ್ತದೆ. 30 ಮಿಲಿಆಂಪಿಯರ್ ವ್ಯತ್ಯಾಸ ಬರುವಷ್ಟರಲ್ಲಿ ಲೈನ್ ಕಡಿಯುತ್ತದೆ. ನಿಮ್ಮ ಮನೆಯಲ್ಲಿ ಇಲ್ಲದಿದ್ದರೆ ಮುಂದಿನ ಸಲ ಎಲೆಕ್ಟ್ರಿಷಿಯನ್ ಬಂದಾಗ ಹಾಕಿಸಿ. ಜೊತೆಗೆ ಅರ್ಥಿಂಗ್ ಸರಿ ಇದೆಯೇ ಅಂತಲೂ ನೋಡಿಸಿ.

ಬಲ್ಬು ಬದಲಿಸುವಾಗ ಸ್ವಿಚ್ ಆಫ್ ಮಾಡಿದರೆ ಸಾಲದು, ಮೇನ್ ಆಫ್ ಮಾಡಿ. ಕೆಲವು ಹಳೇ ವೈರಿಂಗಿನಲ್ಲಿ ಸ್ವಿಚ್ಚನ್ನು ತಪ್ಪಾಗಿ ನ್ಯೂಟ್ರಲಿಗೆ ಹಾಕಿರುತ್ತಾರೆ. ಆಗ ಸ್ವಿಚ್ ಆಫ್ ಆಗಿದ್ದರೂ ಹೋಲ್ಡರಿನಲ್ಲಿ ಫೇಸ್ ಇರುತ್ತದೆ. ಸ್ವಿಚ್ ಆರಿಸಿದ ಮೇಲೂ ಎಲ್‌ಇಡಿ ಮಿಣಮಿಣ ಅನ್ನುತ್ತಿದ್ದರೆ ಇದೊಂದು ಕಾರಣ ಇರಬಹುದು, ಬಲ್ಲವರಿಂದ ನೋಡಿಸಿ. ಒಣಗಿದ ಕೈ, ಕಾಲಿಗೆ ರಬ್ಬರ್ ಚಪ್ಪಲಿ, ಅಲುಗದ ಮರದ ಸ್ಟೂಲು ಇರಲಿ. ಬಿಸಿ ಬಲ್ಬು ಆರುವವರೆಗೆ ಕಾಯಿರಿ.

ಒಡೆದ ಟ್ಯೂಬ್‌ಲೈಟ್, ಸಿಎಫ್‌ಎಲ್ ಒಳಗೆ ಪಾದರಸ ಇರುತ್ತದೆ. ಕಿಟಕಿ ತೆರೆದು ಸ್ವಲ್ಪ ಹೊತ್ತು ಆಚೆ ಇರಿ. ಆಮೇಲೆ ರಟ್ಟಿನ ತುಂಡಿನಲ್ಲಿ ಚೂರುಗಳನ್ನು ಎತ್ತಿ, ಒದ್ದೆ ಕಾಗದದಿಂದ ನೆಲ ಒರೆಸಿ, ಎಲ್ಲವನ್ನೂ ಮುಚ್ಚಿದ ಕವರಿನಲ್ಲಿ ಹಾಕಿ. ಪೊರಕೆಯಿಂದ ಗುಡಿಸಬೇಡಿ.

ಆರ್‌ಸಿಸಿಬಿ ಇರುವವರು ಅದರ ಮೇಲಿನ ಸಣ್ಣ ಟೆಸ್ಟ್ ಬಟನ್ನನ್ನು ಕೆಲವು ತಿಂಗಳಿಗೊಮ್ಮೆ ಒತ್ತಿ ನೋಡಿ. ತಕ್ಷಣ ಟ್ರಿಪ್ ಆಗಬೇಕು. ಆಗದಿದ್ದರೆ ಆವತ್ತೇ ಬದಲಾಯಿಸಿ.